ಕರೆದರೆ ಬರಬೇಕಾದವರು

ನನಗೆ ಸಿಟ್ಟು ಬೇಗ ಬರುತ್ತದೆ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಯಾಕೆಂದರೆ ಮುಂದೆ ಹೇಳಲಿರುವುದೆಲ್ಲ ಆ ಸಿಟ್ಟಿನಿಂದಲೇ ಆದದ್ದು. ಹೊಸಪೇಟೆಯ ಬಸ್ ನಿಲ್ದಾಣದಿಂದ ಸ್ವಲ್ಪ ದೂರದಲ್ಲಿ, ಒಂದು ಔಷಧದ ಅಂಗಡಿಯ ಮೇಲಿನ ಕೋಣೆಯಲ್ಲಿ ಕೂತು ನಾನು ಅನುವಾದ ಮಾಡುತ್ತೇನೆ. ಇಂಗ್ಲಿಷಿನಿಂದ ಕನ್ನಡಕ್ಕೆ, ಕನ್ನಡದಿಂದ ಇಂಗ್ಲಿಷಿಗೆ. ಆಸ್ತಿಯ ಕಾಗದ, ವಿಮೆಯ ಕಾಗದ, ಕಾರ್ಖಾನೆ ಗೇಟಿನ ಮೇಲೆ ಹಾಕುವ ಸುರಕ್ಷತೆಯ ಫಲಕ, ಏನು ಬಂದರೂ ಬಿಡುವುದಿಲ್ಲ. ಕಡ್ಡಿರಾಂಪುರದ ಹೋಂಸ್ಟೇಯವರೊಬ್ಬರು ಪ್ರತಿ ಚಳಿಗಾಲಕ್ಕೂ ಬರುತ್ತಾರೆ. "ಅಕ್ಕಾರ, ಬಿಸಿನೀರು ಮುಂಜಾನಿ ಅಷ್ಟ ಬರ್ತೈತಿ ಅನ್ನೋದನ್ನ ಸ್ವಲ್ಪ ಚಂದಾಗಿ ಬರ್ದುಕೊಡ್ರಿ, ಹಂಪಿ ನೋಡಾಕ ಬಂದೋರು ಸಿಟ್ಟಾಗಬಾರ್ದು" ಅನ್ನುತ್ತಾರೆ. ಎಷ್ಟು ಚೆಂದ ಮಾಡಿ ಬರೆದರೂ ಸಂಜೆ ಬಿಸಿನೀರು ಬರುವುದಿಲ್ಲ ಎಂದು ನಾನು ಬೈದು ಬರೆದುಕೊಡುತ್ತೇನೆ.

ಪದಗಳನ್ನು ಪರೀಕ್ಷೆ ಮಾಡುವುದಕ್ಕೆ ನನ್ನದೇ ಒಂದು ರೀತಿ ಇದೆ. ಆ ಪದ ಹಿಡಿದುಕೊಂಡು ಒಬ್ಬರು ಇನ್ನೊಬ್ಬರನ್ನು ಬೈಯಬಹುದೇ? ಬೈಯಬಹುದಾದರೆ ಪದಕ್ಕೆ ಜೀವ ಇದೆ. "ನಾಚಿಕಿ ಇಲ್ಲೇನಲೇ" ಅನ್ನುತ್ತಾರೆ, "ಖಬರಿಲ್ಲೇನಲೇ" ಅನ್ನುತ್ತಾರೆ. ಕಂಪ್ಲಿಯ ಸಂತೆಯಲ್ಲಿ ನಾನು ಬೆಳೆದದ್ದೇ ಇಂಥ ಮಾತುಗಳ ನಡುವೆ. ಆದರೆ "ನಿನಗ ಸಮನ್ವಯ ಇಲ್ಲೇನಲೇ" ಎಂದು ಯಾರೂ ಯಾರ ಕೊರಳಪಟ್ಟಿ ಹಿಡಿದದ್ದನ್ನು ನಾನು ಕಂಡಿಲ್ಲ. ಅಂಥ ಪದಗಳು ಕಾಗದದ ಮೇಲೆ ಹುಟ್ಟಿ ಕಾಗದದ ಮೇಲೆಯೇ ಸಾಯುತ್ತವೆ. ನಮ್ಮ ಸರಕಾರಿ ಕನ್ನಡದ ತುಂಬ ಅವೇ ಇವೆ, ಅವುಗಳನ್ನು ಬರೆಯುವುದಕ್ಕೆ ನನಗೂ ಎಷ್ಟೋ ಸಲ ಕೂಲಿ ಸಿಕ್ಕಿದೆ.

ಒಂದು ಬೇಸಿಗೆಯಲ್ಲಿ ಗಣಿ ಕಂಪನಿಯೊಂದರಿಂದ ಕೆಲಸ ಬಂತು. ಅವರ ಸುರಕ್ಷತಾ ಫಲಕಗಳನ್ನೆಲ್ಲ ನಾನೇ ಮಾಡಿಕೊಡುತ್ತಿದ್ದೆ, ನನ್ನ ದುಡಿಮೆಯ ದೊಡ್ಡ ಪಾಲು ಅದೇ. ಈ ಸಲ ಬೇರೆ ಕೆಲಸ. ಸಂಡೂರಿನ ಗುಡ್ಡದ ಕೆಳಗೆ ಒಂದು ಹಳ್ಳಿ. ಹಿಂದಿನ ಮಳೆಗಾಲದಲ್ಲಿ ಗುಡ್ಡದ ಮೇಲೆ ಕಂಪನಿಯವರು ಒಟ್ಟಿದ್ದ ತ್ಯಾಜ್ಯ ಮಣ್ಣು ಜಾರಿ ಹಳ್ಳಕ್ಕೆ ಬಿದ್ದಿತ್ತು, ಹಳ್ಳ ಉಕ್ಕಿ ಕೆಲವರ ಹೊಲಗಳ ಮೇಲೆ ಕೆಂಪು ಕೆಸರು ಹರಡಿಕೊಂಡಿತ್ತು. ಅದರ ಬಗ್ಗೆ ಊರಿನವರ ಜೊತೆ ಸಭೆ. ಕಂಪನಿಯ ಅಧಿಕಾರಿಯೊಬ್ಬರು ಇಂಗ್ಲಿಷಿನಲ್ಲಿ ಮಾತಾಡುತ್ತಾರೆ, ನಾನು ಪಕ್ಕದಲ್ಲಿ ನಿಂತು ಮೈಕಿನಲ್ಲಿ ಕನ್ನಡದಲ್ಲಿ ಹೇಳಬೇಕು. ಅವರು ಹೇಳಲಿರುವ ಮಾತನ್ನು ಮುಂಚೆಯೇ ಕಳಿಸಿಕೊಟ್ಟಿದ್ದರು. ಅದರ ನಡುವೆ ಒಂದು ವಾಕ್ಯವಿತ್ತು: ಸುತ್ತಲಿನ ಹಳ್ಳಿಗಳಿಗೆ ನಾವು ಅಕೌಂಟಬಲ್ ಆಗಿದ್ದೇವೆ.

ಉಳಿದದ್ದೆಲ್ಲ ಅರ್ಧ ಗಂಟೆಯ ಕೆಲಸ. ಇದೊಂದು ಪದ ಮಾತ್ರ ಇಡೀ ದಿನ ತಿಂದಿತು. ನಿಘಂಟು ತೆಗೆದರೆ ಉತ್ತರದಾಯಿತ್ವ ಎಂದಿದೆ. ಆ ಪದ ಹಿಡಿದು ಯಾರನ್ನಾದರೂ ಬೈಯಲು ಹೊರಟರೆ ಬೈಗುಳ ಮುಗಿಯುವಷ್ಟರಲ್ಲಿ ಎದುರಿನವನು ಬಸ್ ಹತ್ತಿ ಹೋಗಿರುತ್ತಾನೆ. ಜವಾಬ್ದಾರಿ ಎನ್ನಬಹುದಿತ್ತು. ಒಳ್ಳೆಯ ಪದ, ದಿನಾ ಬಳಕೆಯ ಪದ. ಆದರೆ ಜವಾಬ್ದಾರಿಯನ್ನು ನಾವೇ ಹೊತ್ತುಕೊಳ್ಳಬಹುದು, ಸಾಕಾದರೆ ನಾವೇ ಇಳಿಸಬಹುದು. ಹಿರಿಯ ಮಗಳ ತಲೆಯ ಮೇಲೆ ಹೊರಿಸಿಬಿಡಲೂಬಹುದು, ನನ್ನ ತಲೆಯ ಮೇಲೆ ಹೊರಿಸಿದ ಹಾಗೆ. ಅದರಲ್ಲಿ ಎದುರಿಗೊಬ್ಬರು ನಿಂತು ಕೇಳುವ ಮಾತಿಲ್ಲ. ಹೊಣೆ ಎನ್ನುವುದು ಇನ್ನೂ ಹತ್ತಿರ ಬರುತ್ತದೆ. ಆದರೂ ಹೊಣೆ ಹೊತ್ತವರು ಮನೆಯಲ್ಲೇ ಕೂತು ಹೊತ್ತಿರಬಹುದು, ಕೇಳುವವರಿಗೆ ಮುಖ ತೋರಿಸಲೇಬೇಕೆಂದಿಲ್ಲ. ಇಂಗ್ಲಿಷಿನ ಆ ಪದದಲ್ಲಿ ಮಾತ್ರ ಇಬ್ಬರಿದ್ದಾರೆ. ಒಬ್ಬರಿಗೆ ಕೇಳುವ ಹಕ್ಕು, ಇನ್ನೊಬ್ಬರಿಗೆ ಹೇಳದೆ ವಿಧಿಯಿಲ್ಲ.

ಸಂಜೆ ಕಂಪ್ಲಿಗೆ, ಅವ್ವನಿಗೆ ಫೋನ್ ಮಾಡಿದೆ. ಅವ್ವ ಓದಿದ್ದು ಕಡಿಮೆ, ಜಗಳ ನೋಡಿದ್ದು ಜಾಸ್ತಿ. ನಮ್ಮದು ಅಕ್ಕಿ ಗಿರಣಿಯ ಮನೆ, ಅಂಗಳಕ್ಕೆ ನಿತ್ಯ ಒಂದಲ್ಲ ಒಂದು ತಕರಾರು ಬರುತ್ತಿತ್ತು. "ಒಬ್ಬರು ಏನೋ ಮಾಡಿರ್ತಾರ, ಅದಕ್ಕ ಅವರು ಇನ್ನೊಬ್ಬರ ಮುಂದ ಉತ್ತರ ಹೇಳಲೇಬೇಕು. ಅದಕ್ಕ ನೀವೆಲ್ಲ ಏನ್ ಅಂತಿದ್ರಿ?" ಎಂದೆ.

"ಏನ್ ಅನ್ನೋದು? ಕರೆದು ಕೇಳೋದು" ಅಂದಳು. ಆಮೇಲೆ, "ಯಾಕ, ಯಾರರ ನಿನಗ ಕೂಲಿ ಕೊಡಲಿಲ್ಲೇನು?" ಎಂದು ಕೇಳಿದಳು.

ನಾನು ಬರೆದುಕೊಂಡದ್ದು ಇಷ್ಟು: ಸುತ್ತಲಿನ ಹಳ್ಳಿಯವರು ನಮ್ಮನ್ನು ಕರೆದು ಕೇಳಬಹುದು, ನಾವು ಬಂದು ಉತ್ತರ ಹೇಳಲೇಬೇಕು. ಒಂದು ಪದಕ್ಕೆ ಇಡೀ ವಾಕ್ಯ ಆಯಿತು. ಆಗಲಿ. ಪದಕ್ಕೆ ಪದವೇ ಸಿಗಬೇಕೆಂದು ಹಟ ಹಿಡಿದವರು ಎದುರಿಗೆ ಕೂತ ಜನರ ಮುಖ ನೋಡಿರುವುದಿಲ್ಲ.

ಸಭೆ ಶಾಲೆಯ ಬಯಲಿನಲ್ಲಿ, ಶಾಮಿಯಾನದ ಕೆಳಗೆ. ಕುರ್ಚಿಗಳ ಮೇಲೆ ಗಂಡಸರು, ಹಿಂದೆ ಜಮಖಾನದ ಮೇಲೆ ಹೆಂಗಸರು. ಅಧಿಕಾರಿ ಹೊರ ರಾಜ್ಯದವರು, ಕನ್ನಡ ನಮಸ್ಕಾರದಿಂದ ಆಚೆಗೆ ಬರುತ್ತಿರಲಿಲ್ಲ. ಸೌಮ್ಯ ಮನುಷ್ಯ, ಯಾರ ಮೇಲೂ ದನಿ ಎತ್ತುವವರಲ್ಲ. ಅವರು ಗಿಡ ನೆಟ್ಟ ವಿಷಯ ಹೇಳಿದರು, ಶಾಲೆಗೆ ಬೆಂಚು ಕೊಟ್ಟ ವಿಷಯ ಹೇಳಿದರು. ನಾನೂ ಹೇಳುತ್ತಾ ಬಂದೆ. ಜನ ಆಕಳಿಸುತ್ತಿದ್ದರು. ಆ ವಾಕ್ಯ ಬಂತು. ನಾನು ಮೈಕಿಗೆ ಬಾಯಿ ಹತ್ತಿರ ಮಾಡಿಕೊಂಡು ನಿಧಾನವಾಗಿ ಹೇಳಿದೆ: ನೀವು ನಮ್ಮನ್ನು ಕರೆದು ಕೇಳಬಹುದು, ನಾವು ಬಂದು ಉತ್ತರ ಹೇಳಲೇಬೇಕು.

ಆಕಳಿಕೆ ನಿಂತಿತು. ಹಿಂದೆ ಶಾಮಿಯಾನದ ಕಂಬ ಹಿಡಿದು ಒಬ್ಬ ಹೆಂಗಸು ಎದ್ದು ನಿಂತಳು. ನಲವತ್ತು ದಾಟಿದ ವಯಸ್ಸು, ಬಿಸಿಲಿಗೆ ಕಪ್ಪಿಟ್ಟ ಮುಖ, ಯಾರಿಗೂ ಹೆದರಿದ ಕಣ್ಣಲ್ಲ. "ಇನ್ನೊಮ್ಮೆ ಹೇಳ್ರಿ ಅಕ್ಕಾರ" ಅಂದಳು. ಇನ್ನೊಮ್ಮೆ ಹೇಳಿದೆ.

"ಹಂಗಾದ್ರ ನಾ ಕರೀತೀನಿ. ಹಳ್ಳದ ದಂಡಿಗೆ ನನ್ನ ಹೊಲ ಐತಿ. ಮೊಣಕಾಲು ಮಟ ಇವರ ರಾಡಿ ಬಿದ್ದೈತಿ. ಅದನ್ನ ಯಾರು ತೆಗೀತಾರ? ಮಳಿ ಬರೋದ್ರೊಳಗ ತೆಗೀತಾರೋ ಇಲ್ಲೋ? ಗೇಟಿಗೆ ಹೋದ್ರ ಪಂಚಾಯ್ತಿಗೆ ಹೋಗಂದ್ರು, ಪಂಚಾಯ್ತ್ಯಾಗ ಸಂಡೂರಿಗೆ ಹೋಗಂದ್ರು, ಸಂಡೂರಾಗ ಗೇಟಿಗೇ ಹೋಗಂದ್ರು. ಬಿತ್ತಾಕ ಹೊಲ ಬೇಕು ನನಗ, ಬಸ್ಸಿನ ಟಿಕೀಟಲ್ಲ."

ನಾನು ಒಂದು ಮಾತೂ ಬಿಡದೆ ಇಂಗ್ಲಿಷಿನಲ್ಲಿ ಹೇಳಿದೆ, ಬಸ್ಸಿನ ಟಿಕೆಟನ್ನೂ ಸೇರಿಸಿ. ಅಧಿಕಾರಿ ತಲೆಯಾಡಿಸಿದರು. ವಿಷಯ ಪರಿಶೀಲನೆಯಲ್ಲಿದೆ ಎಂದರು. ಅದನ್ನು ಕನ್ನಡದಲ್ಲಿ ಹೇಳುವಾಗ ನನಗೇ ನಾಚಿಕೆಯಾಯಿತು. ಆ ಹೆಂಗಸು ಕೈ ಅಡ್ಡ ಮಾಡಿದಳು.

"ಇಲ್ಲಿ ಬ್ಯಾಡ. ನಮ್ಮೂರಾಗ ಒಬ್ಬರ ದನ ಇನ್ನೊಬ್ಬರ ಹೊಲ ಹೊಕ್ಕು ಮೇಯ್ತಂದ್ರ, ದನದೋರು ಆ ಹೊಲಕ್ಕ ಬರಬೇಕು. ಮನಿಗೆ ಬಂದು ಹೇಳಂಗಿಲ್ಲ, ಕಟ್ಟಿ ಮ್ಯಾಲೆ ಕುಂತು ಹೇಳಂಗಿಲ್ಲ. ಮೇಯ್ದ ಬೆಳಿ ಮುಂದ ನಿಂತು ಹೇಳಬೇಕು. ಹೇಳಿ ಮುಗಿಯೋಮಟ ಅವರೂ ಕುಂದ್ರಂಗಿಲ್ಲ, ನಾವೂ ಕುಂದ್ರಂಗಿಲ್ಲ, ಯಾರೂ ನೀರು ಕುಡಿಯಂಗಿಲ್ಲ. ಮುಗಿದ ಮ್ಯಾಲೆ ಕೂಡಿ ಚಾ ಕುಡಿಯೋದು. ಸಾಹೇಬ್ರು ಹೊಲಕ್ಕ ಬರಲಿ."

ಕುರ್ಚಿಯ ಗಂಡಸರೆಲ್ಲ ಹೌದೌದು ಅಂದರು. ಇದು ಅವರ ಊರಿನಲ್ಲಿ ಹಿಂದಿನಿಂದ ಬಂದ ರೂಢಿಯಂತೆ. ನನ್ನೂರು ಕಂಪ್ಲಿ ಅಲ್ಲಿಂದ ಬಹಳ ದೂರವೇನಲ್ಲ, ಆದರೂ ನಾನು ಇಂಥದ್ದನ್ನು ಕೇಳಿರಲಿಲ್ಲ. ನಾನು ಅದನ್ನೂ ಪೂರ್ತಿಯಾಗಿ ಅನುವಾದ ಮಾಡಿ ಹೇಳಿದೆ. ಅಧಿಕಾರಿಗೆ ಅದು ಹಳ್ಳಿಯವರ ಆತಿಥ್ಯದ ಮಾತಿನಂತೆ ಕೇಳಿಸಿರಬೇಕು. ನಗುತ್ತಾ, ಖಂಡಿತ ಬರುತ್ತೇವೆ, ಸದ್ಯದಲ್ಲೇ ಬರುತ್ತೇವೆ ಎಂದರು.

"ಸದ್ಯದಲ್ಲೇ ಅನ್ನೋದು ಯಾವ ವಾರ ಬರ್ತೈತ್ರಿ?" ಎಂದು ಆಕೆ ಕೇಳಿದಳು. ನಾನು ಅದನ್ನು ಇಂಗ್ಲಿಷಿಗೆ ತಿರುಗಿಸುವಷ್ಟರಲ್ಲಿ ಶಾಮಿಯಾನದ ಕೆಳಗೆ ನಗೆ ಎದ್ದಿತು. ಆ ನಗೆಯಲ್ಲಿ ಸಿಕ್ಕಿಬಿದ್ದ ಅಧಿಕಾರಿ, ಸೋಮವಾರ ಅಂದುಬಿಟ್ಟರು. ಆ ಊರಿನವರು ಒಂದು ಕೆಲಸ ಮಾಡಿದರು, ಪೇಟೆಯವರು ಯಾರೂ ಮಾಡದ ಕೆಲಸ. ಕಂಪನಿಯ ಭಾಷಣದ ಒಂದು ವಾಕ್ಯವನ್ನು ನಿಜವೆಂದು ನಂಬಿದರು. ಪೇಟೆಯಲ್ಲಿ ಅದಕ್ಕೆ ಪೆದ್ದತನ ಎನ್ನುತ್ತಾರೆ. ನನಗೆ ಹಾಗೆ ಅನ್ನಿಸಲಿಲ್ಲ, ಇವತ್ತಿಗೂ ಅನ್ನಿಸುವುದಿಲ್ಲ.

ಮಾರನೆಯ ದಿನವೇ ಕಂಪನಿಯ ಹೊಸಪೇಟೆಯ ಕಚೇರಿಯಿಂದ ಕರೆ ಬಂತು. ಏಸಿ ಕೋಣೆ, ಕಾಫಿ, ಬಿಸ್ಕತ್ತು. ಅದೇ ಅಧಿಕಾರಿ. ಅಷ್ಟರಲ್ಲಿ ಯಾರೋ ಅವರಿಗೆ, ನಾನು ಕನ್ನಡದಲ್ಲಿ ಏನು ಹೇಳಿದೆ ಎಂಬುದನ್ನು ಬಿಡಿಸಿ ಹೇಳಿದ್ದರು. ಹೊಲಕ್ಕೆ ಬರುವುದೆಂದರೆ ಏನು ಎನ್ನುವುದೂ ಆಗ ಅವರಿಗೆ ಗೊತ್ತಾಗಿತ್ತು.

"ಮೇಡಂ, ನೀವು ಮೂಲದಲ್ಲಿ ಇಲ್ಲದ್ದನ್ನು ಹೇಳಿದ್ದೀರಿ" ಎಂದರು ಇಂಗ್ಲಿಷಿನಲ್ಲಿ. "ಆ ಪದ ಎಲ್ಲ ಕಂಪನಿಗಳ ವರದಿಯ ಮೊದಲ ಪುಟದಲ್ಲೂ ಇರುತ್ತದೆ. ನಮಗೆ ಕಾಳಜಿ ಇದೆ ಎಂದು ಅದರ ಅರ್ಥ. ಅದು ವಾಗ್ದಾನವಲ್ಲ, ಮೌಲ್ಯ."

"ಮೌಲ್ಯ ಬಂದು ಆ ಹೊಲದ ಕೆಸರು ತೆಗೆಯುತ್ತದೆಯೇ ಸಾರ್?" ಎಂದೆ.

ಅವರು ಕೋಪ ಮಾಡಿಕೊಳ್ಳಲಿಲ್ಲ. ಮಾಡಿಕೊಂಡಿದ್ದರೆ ನನಗೆ ಸುಲಭವಾಗುತ್ತಿತ್ತು. ಮೆತ್ತಗೆ ವಿಷಯ ಹೇಳಿದರು. ಸೋಮವಾರದೊಳಗೆ ನಾನು ಆ ಊರಿಗೆ ಹೋಗಿ, ಅನುವಾದದಲ್ಲಿ ನನ್ನಿಂದ ತಪ್ಪಾಯಿತು, ಸಾಹೇಬರು ಹೇಳಿದ್ದು ಕಾಳಜಿ ಇದೆ ಅಂತ ಮಾತ್ರ ಎಂದು ಜನರ ಮುಂದೆ ಹೇಳಬೇಕು. ಹೇಳಿದರೆ ಮೊದಲಿನಂತೆ ಫಲಕಗಳ ಕೆಲಸ ನನಗೇ. ಹೇಳದಿದ್ದರೆ ಬೇರೆಯವರನ್ನು ನೋಡಿಕೊಳ್ಳುತ್ತಾರೆ. ಇದನ್ನು ಅವರು ಬೆದರಿಕೆಯ ಹಾಗೆ ಹೇಳಲಿಲ್ಲ, ಬಿಸ್ಕತ್ತಿನ ತಟ್ಟೆ ನನ್ನ ಕಡೆ ಸರಿಸುತ್ತಾ ಹೇಳಿದರು.

ಹೆದರಿಕೆಯಾಯಿತು, ಸುಳ್ಳು ಯಾಕೆ ಹೇಳಲಿ. ಬಾಡಿಗೆ, ಅವ್ವನ ಔಷಧ, ಎಲ್ಲ ಒಮ್ಮೆಲೇ ನೆನಪಾದವು. ಕಾಳಜಿ ಎನ್ನುವುದು ಅಂಥ ಕೆಟ್ಟ ಅನುವಾದವೇನಲ್ಲ ಎಂದು ನನ್ನೊಳಗೆ ಯಾರೋ ಪಿಸುಗುಟ್ಟಿದರು ಕೂಡ. ಆಗಲೇ ಆ ಸಿಟ್ಟು ಬಂದದ್ದು. ಇಷ್ಟು ವರ್ಷ ನಾನು ಇವರ ಎಚ್ಚರಿಕೆ, ಅಪಾಯ, ನಿಷೇಧ ಎಲ್ಲವನ್ನೂ ಜನರಿಗೆ ಅರ್ಥವಾಗುವ ಕನ್ನಡದಲ್ಲಿ ಬರೆದುಕೊಟ್ಟಿದ್ದೆ. ಹೆಲ್ಮೆಟ್ ಹಾಕಿಕೋ, ಇಲ್ಲಿ ನಿಲ್ಲಬೇಡ, ದಾಟಿದರೆ ದಂಡ. ಕೂಲಿಯವನು ಪಾಲಿಸಬೇಕಾದ ಮಾತು ಬಂದಾಗ ಕನ್ನಡ ಸ್ಪಷ್ಟವಾಗಿರಬೇಕಿತ್ತು. ಇವರೇ ಪಾಲಿಸಬೇಕಾದ ಒಂದು ಮಾತು ಬಂದಾಗ ಮಾತ್ರ ಕನ್ನಡ ಮಬ್ಬಾಗಬೇಕಂತೆ. ಆಗುವುದಿಲ್ಲ ಅನ್ನಿಸಿತು.

"ಸಾರ್," ಎಂದೆ, "ತಪ್ಪು ನನ್ನದಾಗಿದ್ದರೆ ನೀವು ಕರೆಯುವ ಮೊದಲೇ ಬಂದು ಒಪ್ಪಿಕೊಳ್ಳುತ್ತಿದ್ದೆ. ನಿಮ್ಮ ಇಂಗ್ಲಿಷಿನಲ್ಲಿ ಆ ಪದ ಇರುವವರೆಗೆ ನನ್ನ ಕನ್ನಡದಲ್ಲಿ ಈ ಮಾತು ಇರುತ್ತದೆ. ನೀವು ಅಲ್ಲಿಂದ ತೆಗೆಯಿರಿ, ನಾನು ಇಲ್ಲಿಂದ ತೆಗೆಯುತ್ತೇನೆ."

ಅವರು ಬಿಸ್ಕತ್ತಿನ ತಟ್ಟೆಯನ್ನು ತಮ್ಮ ಕಡೆ ಎಳೆದುಕೊಂಡರು. ಆ ಮಾತು ಮುಖ್ಯ ಕಚೇರಿಯಲ್ಲಿ ಅಚ್ಚಾಗಿದೆ, ಅದನ್ನು ತೆಗೆಯುವುದು ತಮ್ಮ ಕೈಯಲ್ಲಿಲ್ಲ ಎಂದರು. ನಾನು ಎದ್ದು ಬಂದೆ. ರಸ್ತೆ ದಾಟಿ ಗಾಡಿಯವನ ಹತ್ತಿರ ಮಂಡಕ್ಕಿ ಒಗ್ಗರಣೆ, ಮಿರ್ಚಿ ತಿಂದೆ. ಖಾರಕ್ಕೆ ಕಣ್ಣಲ್ಲಿ ನೀರು ಬಂತು, ಖಾರಕ್ಕೇ ಎಂದುಕೊಂಡೆ. ಆ ವಾರ ಅವರ ಕಡೆಯಿಂದ ಒಂದು ಫಲಕವೂ ಬರಲಿಲ್ಲ, ಆಮೇಲೆಯೂ ಬರಲಿಲ್ಲ.

ಸೋಮವಾರ ನನ್ನನ್ನು ಯಾರೂ ಕರೆದಿರಲಿಲ್ಲ. ಆದರೂ ಸಂಡೂರಿನ ಬಸ್ ಹತ್ತಿದೆ, ಅಲ್ಲಿಂದ ಆಟೋ. ನಾನಾಡಿದ ಮಾತು ಏನಾಯಿತೆಂದು ನೋಡದೆ ಕೋಣೆಯಲ್ಲಿ ಕೂರುವುದು ಸಾಧ್ಯವಿರಲಿಲ್ಲ. ಹೊಲಕ್ಕೆ ಹೋದಾಗ ಊರಿನ ಬಹಳ ಜನ ಬಂದಿದ್ದರು. ಕೆಸರು ಎಂದು ನಾನು ಮೈಕಿನಲ್ಲಿ ಹೇಳಿದ್ದೆನಲ್ಲ, ಅದನ್ನು ನೋಡಿದ್ದು ಅವತ್ತೇ ಮೊದಲು. ಒಣಗಿ ಗಟ್ಟಿಯಾಗಿ, ಅಂಗೈ ಅಗಲದ ಬಿರುಕು ಬಿಟ್ಟು, ಹಳ್ಳದಿಂದ ಬೇವಿನ ಮರದವರೆಗೆ ಹಾಸಿತ್ತು. ಬಿರುಕಿನಲ್ಲಿ ಹಿಂದಿನ ಬೆಳೆಯ ಜೋಳದ ಕೂಳೆ ಕಾಣುತ್ತಿತ್ತು. ನೆರಳಿತ್ತು, ಆದರೆ ನೆರಳಲ್ಲಿ ಯಾರೂ ಕೂತಿರಲಿಲ್ಲ. ನಾನು ಬಂದದ್ದನ್ನು ನೋಡಿ ಆಕೆ, "ಬರ್ರಿ ಅಕ್ಕಾರ" ಅಂದಳು. ಕುಂದ್ರಿ ಅನ್ನಲಿಲ್ಲ.

ಅಧಿಕಾರಿ ಬರುವುದಿಲ್ಲ ಎಂದೇ ನಾನು ತಿಳಿದಿದ್ದೆ. ಬಂದರು. ಆ ಮನುಷ್ಯನಿಗೆ ಸಲ್ಲಬೇಕಾದದ್ದು ಸಲ್ಲಲಿ, ಬಂದರು. ಜೀಪಿನಿಂದ ಇಳಿದು, ಹೊಳೆಯುವ ಬೂಟಿನಲ್ಲಿ ಆ ಗಟ್ಟಿ ಕೆಸರಿನ ಮೇಲೆ ನಡೆದು ಬದುವಿನ ಹತ್ತಿರ ನಿಂತರು. ಕನ್ನಡಕ್ಕೆ ಕಚೇರಿಯ ಗುಮಾಸ್ತರೊಬ್ಬರನ್ನು ಕರೆತಂದಿದ್ದರು. ಅಧಿಕಾರಿ ಇಂಗ್ಲಿಷಿನಲ್ಲಿ ಏನೋ ಹೇಳಿದರು, ಗುಮಾಸ್ತರು, "ಕಂಪನಿಗೆ ನಿಮ್ಮ ಬಗ್ಗೆ ಅಪಾರ ಕಾಳಜಿ ಇದೆ" ಎಂದರು.

"ಕಾಳಜಿ ನನ್ನ ಹೊಲದ ಮ್ಯಾಲೆ ನನಗ ಭಾಳ ಐತ್ರಿ, ಅದಕ್ಕ ಸಾಹೇಬ್ರು ಬ್ಯಾಡ" ಅಂದಳು ಆಕೆ. "ರಾಡಿ ಮಾತಾಡ್ರಿ."

ಗುಮಾಸ್ತರು ಅಧಿಕಾರಿಯ ಕಡೆ ತಿರುಗಿದರು. ಅಧಿಕಾರಿ ಜನರ ನಡುವೆ ನನ್ನನ್ನು ನೋಡಿದರು. ನೋಡಿಯೂ ನೋಡದವರಂತೆ ಇರಬಹುದಿತ್ತು. "ಮೇಡಂ, ಆಕೆ ಏನು ಕೇಳುತ್ತಿದ್ದಾರೆ?" ಎಂದರು.

"ಸಭೆಯಲ್ಲಿ ಕೇಳಿದ್ದನ್ನೇ ಸಾರ್. ಇದನ್ನು ಯಾರು ತೆಗೆಯುತ್ತಾರೆ, ಮಳೆಗೆ ಮೊದಲೋ ಅಲ್ಲವೋ."

ಬಿಸಿಲು ನೆತ್ತಿಗೆ ಹತ್ತಿರ ಬಂದಿತ್ತು. ಅವರ ಅಂಗಿ ಬೆನ್ನಿಗೆ ಅಂಟಿಕೊಂಡಿತ್ತು. ಜೀಪಿನ ಡ್ರೈವರ್ ನೀರಿನ ಬಾಟಲಿ ತಂದು ಕೊಟ್ಟ. ಅವರು ಮುಚ್ಚಳ ತಿರುಗಿಸಿದರು, ಬಾಟಲಿ ಬಾಯಿಯ ಹತ್ತಿರ ಹೋಯಿತು. ಅಲ್ಲಿಗೆ ನಿಲ್ಲಿಸಿ ಸುತ್ತ ನಿಂತವರನ್ನು ನೋಡಿದರು. ಹೆಂಗಸರು, ಮುದುಕರು, ಯಾರ ಕೈಯಲ್ಲೂ ಚೊಂಬಿಲ್ಲ. ಮುಚ್ಚಳ ಮತ್ತೆ ತಿರುಗಿಸಿ ಬಾಟಲಿಯನ್ನು ಡ್ರೈವರ್ ಕೈಗೆ ವಾಪಸ್ಸು ಕೊಟ್ಟರು. ಆ ಪದದ ಅರ್ಥ ಅವರಿಗೆ ಆ ಗಳಿಗೆಯಲ್ಲಿ ಹೊಳೆಯಿತು ಎಂದು ನಾನು ನಂಬಿದ್ದೇನೆ. ನಾನು ಹೇಳಿಕೊಟ್ಟಿದ್ದಲ್ಲ.

"ನನಗೆ ಗೊತ್ತಿಲ್ಲ" ಎಂದರು ಇಂಗ್ಲಿಷಿನಲ್ಲಿ, ನೆಲ ನೋಡುತ್ತಾ. "ಯಂತ್ರ ಕಳಿಸಿ ಎಂದು ಬರೆದಿದ್ದೇನೆ. ಮೇಲಿನಿಂದ ಉತ್ತರ ಬಂದಿಲ್ಲ. ತೀರ್ಮಾನ ಮಾಡುವ ಅಧಿಕಾರ ನನಗಿಲ್ಲ."

ಗುಮಾಸ್ತರು ಬಾಯಿ ತೆಗೆಯುವ ಮೊದಲೇ ನಾನು ಹೇಳಿದೆ. ಈ ಅನುವಾದಕ್ಕೆ ನನಗೆ ಯಾರೂ ಕೂಲಿ ಕೊಡುವವರಿರಲಿಲ್ಲ, ಆದ್ದರಿಂದ ನನ್ನೂರಿನ ಮಾತಿನಲ್ಲೇ ಹೇಳಿದೆ. "ಸಾಹೇಬ್ರಿಗೆ ಗೊತ್ತಿಲ್ಲಂತ. ಮಷೀನ್ ಕಳಸ್ರಿ ಅಂತ ಬರದಾರಂತ, ಮ್ಯಾಲಿನವರು ಉತ್ತರ ಕೊಟ್ಟಿಲ್ಲಂತ. ತೀರ್ಮಾನ ಇವರ ಕೈಯಾಗ ಇಲ್ಲಂತ."

ಜನ ಬೈಯುತ್ತಾರೆ ಎಂದುಕೊಂಡೆ. ಯಾರೋ ಒಬ್ಬರು ಶುರು ಮಾಡಿದರು ಕೂಡ. ಆಕೆ ಅವರನ್ನು ಸುಮ್ಮನಾಗಿಸಿದಳು.

"ಮಳಿ ಬಿದ್ದಾಗಿಂದ ಇದೊಂದು ಖರೇ ಮಾತು ಕೇಳಿದೆ ನಾ" ಅಂದಳು. "ಇವರದು ಮುಗೀತು. ಇವರು ಬಂದ್ರು, ಇದ್ದದ್ದು ಹೇಳಿದ್ರು. ಸಾಹೇಬ್ರಿಗೆ ಹೇಳ್ರಿ ಅಕ್ಕಾರ, ತೀರ್ಮಾನ ಯಾರ ಕೈಯಾಗ ಐತಿ ಅವರನ್ನ ಕರಸ್ರಿ ಅಂತ. ನಾವು ನಿಂತಿರ್ತೀವಿ."

ನಾನು ಹೇಳಿದೆ. ಅಧಿಕಾರಿ ಒಂದು ಗಳಿಗೆ ಜೀಪಿನ ಕಡೆ ನೋಡಿದರು. ಬಾಗಿಲು ತೆರೆದೇ ಇತ್ತು. ಆಮೇಲೆ ಜೇಬಿನಿಂದ ಫೋನ್ ತೆಗೆದರು. ಆ ಕಡೆಯವರು ದೊಡ್ಡ ದನಿಯಲ್ಲಿ ಮಾತಾಡುತ್ತಿದ್ದದ್ದು ನಮಗೂ ಕೇಳುತ್ತಿತ್ತು. ಇವರು ಮಾತ್ರ ಮೆಲ್ಲಗೆ, ಒಂದೊಂದೇ ಮಾತು ಬಿಡಿಸಿ ಹೇಳಿದರು. "ಇಲ್ಲ ಸಾರ್, ನಾನು ಹೇಳಿದರೆ ಆಗುವುದಿಲ್ಲ. ಇಲ್ಲ ಸಾರ್, ಗಲಾಟೆ ಏನೂ ಇಲ್ಲ. ಕರೆದಿದ್ದಾರೆ. ನಾವು ಇವರಿಗೆ ಅಕೌಂಟಬಲ್ ಸಾರ್, ನೀವು ಬರಬೇಕು."

"ಏನಂತಾರ?" ಎಂದು ಆಕೆ ನನ್ನನ್ನು ಕೇಳಿದಳು.

"ದೊಡ್ಡ ಸಾಹೇಬ್ರಿಗೆ ಬರಬೇಕು ಅಂತ ಹೇಳ್ಯಾರ" ಎಂದೆ.

ಆಕೆ ಸೆರಗನ್ನು ತಲೆಯ ಮೇಲೆ ಎಳೆದುಕೊಂಡು, "ಬರಲಿ" ಅಂದಳು. ಹಳ್ಳದ ಕಡೆಯಿಂದ ಬಿಸಿ ಗಾಳಿ ಬೀಸುತ್ತಿತ್ತು. ಯಾರೂ ಕೂರಲಿಲ್ಲ. ಫೋನ್ ಜೇಬಿಗಿಟ್ಟುಕೊಂಡು ಅಧಿಕಾರಿಯೂ ಅಲ್ಲೇ, ನಮ್ಮ ಸಾಲಿನಲ್ಲೇ ರಸ್ತೆಯ ಕಡೆ ಮುಖ ಮಾಡಿ ನಿಂತರು.